ಹಗಲಿಗೆ ಬಂದ ಪೊರಕೆಗಳು

ಒಂಬತ್ತು ಮಹಡಿಗಳ ನಮ್ಮ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಸ್ವಿಚ್ಚಕ್ಕ ಎಂದು ಕರೆಯುತ್ತಿದ್ದರು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅವಳಿಗೆ ಹಾಲು ಉಕ್ಕಿ ಚೆಲ್ಲುವುದನ್ನು ಕಂಡಷ್ಟು ಸಂಕಟ. ಕೈಯಲ್ಲಿ ಬಕೆಟ್ ಇದ್ದರೆ ಮೊಣಕೈಯಿಂದ, ಎರಡೂ ಕೈ ತುಂಬಿದ್ದರೆ ಭುಜದಿಂದ ಸ್ವಿಚ್ಚು ಒತ್ತಿ ಮುಂದೆ ಹೋಗುವಳು. ಒಮ್ಮೆ ಮೂರನೇ ಮಹಡಿಯ ಶೌಚಾಲಯದಲ್ಲಿ ದೊಡ್ಡ ಅಧಿಕಾರಿಯೊಬ್ಬರು ಒಳಗಿರುವಾಗಲೇ ದೀಪ ಆರಿಸಿಬಿಟ್ಟಿದ್ದಳು. ಒಳಗಿಂದ ಕೂಗು ಕೇಳಿದಾಗ, "ಇದ್ದೀರಾ? ಒಂದ್ಸಲ ಕೆಮ್ಮಬಾರದಾ ಸ್ವಾಮಿ!" ಎಂದಳಂತೆ.

ಅವಳು ಸ್ವಚ್ಛತೆಯ ಮೇಲ್ವಿಚಾರಕಿ. ಕೈಕೆಳಗೆ ಇಪ್ಪತ್ತೆರಡು ಹೆಂಗಸರು. ನಾನು ಅದೇ ಕಟ್ಟಡದ ನೆಲಮಹಡಿಯ ಕಚೇರಿಯಲ್ಲಿ ಗುಮಾಸ್ತ. ಬಾಡಿಗೆದಾರರಿಗೆ ಪತ್ರ, ಲಿಫ್ಟ್ ಕೆಟ್ಟರೆ ದೂರು, ನೀರು ನಿಂತರೆ ಕ್ಷಮಾಪಣೆ, ಎಲ್ಲವನ್ನೂ ಟೈಪ್ ಮಾಡುವುದು ನನ್ನ ಕೆಲಸ. ಆದ್ದರಿಂದ ನಾನು ಅವಳಿಗೆ ಟೈಪಣ್ಣ. ತನಗೆ ಅಡ್ಡಹೆಸರಿಟ್ಟ ಕಟ್ಟಡಕ್ಕೆಲ್ಲ ಒಂದೊಂದು ಅಡ್ಡಹೆಸರಿಟ್ಟು ಅವಳು ಮುಯ್ಯಿ ತೀರಿಸಿಕೊಂಡಿದ್ದಳು.

ಕಚೇರಿಗಳೆಲ್ಲ ಖಾಲಿಯಾದ ಮೇಲೆ, ಸಂಜೆ ಏಳಕ್ಕೆ ಅವಳ ತಂಡದ ಕೆಲಸ ಶುರುವಾಗಿ ನಡುರಾತ್ರಿ ದಾಟಿದ ಮೇಲೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಅವಳ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಇವಳು ಬಂದು ಚಪ್ಪಲಿ ಬಿಡುವ ಹೊತ್ತಿಗೆ ಅವನು ಚಪ್ಪಲಿ ಮೆಟ್ಟುತ್ತಿದ್ದ. "ನಮ್ದು ಹೊಸ್ತಿಲ ಸಂಸಾರ" ಎಂದು ಅವಳೇ ನಗುತ್ತಿದ್ದಳು. ಎರಡು ಕೋಣೆಯ ಆ ಮನೆಯಲ್ಲಿ ಮೂರನೆಯವಳು ನಾದಿನಿ, ಗಂಡನ ತಂಗಿ. ತನ್ನ ಗಂಡನ ಜೊತೆ ಬಾಳಲಾಗದೆ ಆರು ವರ್ಷದ ಹಿಂದೆ ಒಂದು ಪೆಟ್ಟಿಗೆ ಹಿಡಿದು ಅಣ್ಣನ ಬಾಗಿಲಿಗೆ ಬಂದಿದ್ದಳು. ಸ್ವಿಚ್ಚಕ್ಕ ಯಾಕೆ ಏನು ಎಂದು ಕೇಳದೆ ಒಳಗೆ ಕರೆದುಕೊಂಡು, ಮರುವಾರವೇ ತನ್ನ ತಂಡಕ್ಕೆ ಸೇರಿಸಿಕೊಂಡಳು. ಅತ್ತಿಗೆ ನಾದಿನಿಯೆಂದರೆ ಹಾವು ಮುಂಗುಸಿ ಎನ್ನುವುದುಂಟು. ಇವರಿಬ್ಬರು ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುವವರು.

ಇನ್ನು ಎಂಜಿನಿಯರ್. ಅವನು ಕಟ್ಟಡದ ನಿರ್ವಹಣೆಗೆಂದು ಬಂದಾಗ ಇನ್ನೂ ಮೀಸೆ ಗಟ್ಟಿಯಾಗಿರಲಿಲ್ಲ. ಹಿಂದಿನವನು ಒಂದು ನಕ್ಷೆಯನ್ನೂ ಬಿಟ್ಟುಹೋಗಿರಲಿಲ್ಲ. ಮೊದಲ ವಾರವೇ ಇವನು ತಪ್ಪು ನಲ್ಲಿ ತಿರುಗಿಸಿ ಎಂಟನೇ ಮಹಡಿಯ ನೆಲಹಾಸನ್ನೆಲ್ಲ ಕೆರೆ ಮಾಡಿದ್ದ. ಆಗ ಅವನನ್ನು ಕಟ್ಟಡದ ನೆತ್ತಿಯಿಂದ ಪಾದದವರೆಗೆ ಸುತ್ತಾಡಿಸಿ, ಯಾವ ಪೈಪು ಎಲ್ಲಿಗೆ ಹೋಗುತ್ತದೆ, ಯಾವ ಕಿಟಕಿ ಮಳೆಯಲ್ಲಿ ಅಳುತ್ತದೆ, ಯಾವ ಬಾಗಿಲಿಗೆ ಒದೆಯಬೇಕು, ಯಾವುದನ್ನು ಪುಸಲಾಯಿಸಬೇಕು ಎಂದು ತೋರಿಸಿಕೊಟ್ಟವಳು ಸ್ವಿಚ್ಚಕ್ಕ. ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಬಾಯಿಮಾತಿಗಲ್ಲ, ಅವಳ ಊಟದ ಡಬ್ಬಿ ತೆರೆದು ಕೇಳದೆ ಕೈ ಹಾಕುವಷ್ಟು ಸಲಿಗೆ. ಅವಳು ಅವನಿಗೆ ಮಾತ್ರ ಅಡ್ಡಹೆಸರಿಟ್ಟಿರಲಿಲ್ಲ. ತಮ್ಮ ಎನ್ನುತ್ತಿದ್ದಳು.

ಆ ವರ್ಷ, ಐದರಿಂದ ಏಳನೇ ಮಹಡಿಯವರೆಗೆ ಬಾಡಿಗೆಗಿದ್ದ ವಿಮಾ ಕಂಪನಿ ಒಂದು ಪತ್ರ ಬರೆಯಿತು. ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಇದ್ದರೆ ಮಾತ್ರ ಕರಾರು ಮುಂದುವರಿಸುತ್ತೇವೆ ಎಂದು. ಮಾಲೀಕರು ಬೆವರಿದರು. ಹೊಸ ಕಟ್ಟಡಗಳಂತೆ ಹಳೆಯವಕ್ಕೂ ಅಂಥ ಪ್ರಮಾಣಪತ್ರ ಸಿಗುತ್ತದೆ ಎಂಬುದು ನಮಗೆ ಗೊತ್ತಾದದ್ದೇ ಆಗ. ಗೋಡೆ ಒಡೆದು ಕಟ್ಟಬೇಕಿಲ್ಲ. ಇರುವುದನ್ನು ಹೇಗೆ ನಡೆಸುತ್ತೀರಿ ಎಂಬುದಕ್ಕೆ ಅಂಕ. ನೀರು ಎಷ್ಟು ಉಳಿಸಿದಿರಿ, ವಿದ್ಯುತ್ ಎಷ್ಟು, ಕಸವನ್ನು ಏನು ಮಾಡುತ್ತೀರಿ, ಒಳಗಿನ ಗಾಳಿ ಹೇಗಿದೆ ಎಂದು ಒಂದೊಂದನ್ನೂ ಕೇಳುವ ದಪ್ಪ ಪುಸ್ತಕವೇ ಇತ್ತು. ಅದರ ಕೊನೆಯ ಅಧ್ಯಾಯದ ಹೆಸರು ನಾವೀನ್ಯ. ಎಂಜಿನಿಯರ್ ಆ ಪುಸ್ತಕವನ್ನು ಮಗುವಿನಂತೆ ಎತ್ತಿಕೊಂಡು ತಿರುಗತೊಡಗಿದ.

ಒಂದು ಸಂಜೆ ನೆಲಮಾಳಿಗೆಯ ಪಂಪಿನ ಕೋಣೆಯಲ್ಲಿ ಮೂವರೂ ಚಹಾ ಕುಡಿಯುತ್ತಿದ್ದೆವು.

"ಎಲ್ಲ ಅಧ್ಯಾಯ ಹೇಗೋ ದಾಟ್ತೀನಿ ಅಕ್ಕ. ಈ ಕೊನೇದು ಮಾತ್ರ ಕಬ್ಬಿಣದ ಕಡಲೆ" ಎಂದ ಎಂಜಿನಿಯರ್. "ಪುಸ್ತಕದಲ್ಲಿ ಎಲ್ಲೂ ಇಲ್ಲದೇ ಇರೋದನ್ನ ನಾವೇ ಯೋಚಿಸಿ, ಮಾಡಿ, ಅಳೆದು ತೋರಿಸ್ಬೇಕಂತೆ."

"ಪುಸ್ತಕದಲ್ಲಿ ಇಲ್ಲದ್ದಾ? ಹಾಗಾದ್ರೆ ನಮ್ಮನ್ನೇ ತೋರ್ಸು" ಎಂದಳು ಸ್ವಿಚ್ಚಕ್ಕ. "ನಾವು ಯಾವ ಪುಸ್ತಕದಲ್ಲೂ ಇಲ್ಲ."

ನಾವು ನಕ್ಕೆವು. ಅವಳು ಮಾತ್ರ ನಗು ನಿಲ್ಲಿಸಿ ಲೋಟ ಕೆಳಗಿಟ್ಟಳು.

"ತಮ್ಮಾ, ತಮಾಷೆ ಅಲ್ಲ. ನಾವು ರಾತ್ರಿ ಯಾಕೆ ಗುಡಿಸ್ತೀವಿ?"

"ಯಾಕೆ ಅಂದ್ರೆ? ಹಗಲು ಜನ ಇರ್ತಾರೆ."

"ಇದ್ರೆ ಏನು? ಅರ್ಧ ಮಹಡಿಗೆ ಒಂದೇ ಸ್ವಿಚ್ಚು. ಒಂದು ಮೇಜು ಒರೆಸೋಕೆ ಎಪ್ಪತ್ತು ದೀಪ ಹಾಕ್ಬೇಕು, ಜೊತೆಗೆ ಏಸಿ ಬೇರೆ. ಸೂಜಿ ಹುಡುಕೋಕೆ ಊರಿಗೇ ಬೆಂಕಿ ಹಚ್ಚಿದ ಹಾಗೆ. ಹಗಲು ಹೇಗಿದ್ರೂ ದೀಪ ಉರೀತಾನೇ ಇರುತ್ತೆ. ಆಗ್ಲೇ ಗುಡಿಸಿಬಿಟ್ರೆ, ಸಂಜೆ ಏಳಕ್ಕೆ ಇಡೀ ಕಟ್ಟಡ ಕಣ್ಣು ಮುಚ್ಚಿ ಮಲಗುತ್ತೆ. ನಾವೂ ಮಲಗ್ತೀವಿ."

ಎಂಜಿನಿಯರ್ ಚಹಾ ಕುಡಿಯುವುದನ್ನು ಮರೆತ. ಪುಸ್ತಕ ತೆರೆದು ಹಿಂದೆ ಮುಂದೆ ತಿರುವಿದ. ಅದರಲ್ಲಿ ಈ ವಿಷಯ ಎಲ್ಲಿಯೂ ಇರಲಿಲ್ಲ. ಅವನು ಎದ್ದುಬಂದು ಅವಳ ಎರಡೂ ಕೈ ಹಿಡಿದು, "ಅಕ್ಕ, ನೀನು ಎಂಜಿನಿಯರ್, ನಾನು ಪೊರಕೆ" ಎಂದ.

ಅಳತೆ ಶುರುವಾಯಿತು. ಎಂಜಿನಿಯರ್ ಪ್ರತಿ ಮಹಡಿಯ ದೀಪಗಳಿಗೆ ಬೇರೆಯೇ ಮೀಟರ್ ಹಾಕಿಸಿದ. ಮೊದಲ ಮೂರು ತಿಂಗಳು ಹಳೆಯ ಪದ್ಧತಿಯಲ್ಲೇ ಕೆಲಸ ನಡೆಯಬೇಕು, ಆಗಲೇ ಹೋಲಿಕೆಗೆ ಸಿಗುವುದು ಎಂದ. ಸ್ವಿಚ್ಚಕ್ಕ ನೂರು ಪುಟದ ನೋಟುಪುಸ್ತಕ ತಂದು ಅದಕ್ಕೆ ರಟ್ಟು ಹಾಕಿದಳು. ಯಾವ ಮಹಡಿಯ ದೀಪ ಎಷ್ಟು ಹೊತ್ತಿಗೆ ಹತ್ತಿತು, ಎಷ್ಟಕ್ಕೆ ಆರಿತು. ಅಷ್ಟೇ ಅಲ್ಲ, ಯಾವ ಕೋಣೆಗೆ ಯಾರಿಗೆ ಎಷ್ಟು ನಿಮಿಷ ಬೇಕಾಯಿತು ಎಂದೂ ಬರೆದಳು. ಸಭೆಯ ಕೋಣೆಗೆ ಹನ್ನೆರಡು ನಿಮಿಷ, ಶೌಚಾಲಯಕ್ಕೆ ಹದಿನೆಂಟು, ಕಿಟಕಿಯ ಸಾಲಿಗೆ ಇಪ್ಪತ್ತು. ಹಗಲಿನಲ್ಲಿ ಜನರ ನಡುವೆ ಈ ಕೆಲಸ ಆಗುತ್ತದೆಯೇ ಇಲ್ಲವೇ ಎಂದು ತಾನೇ ಖಾತ್ರಿ ಮಾಡಿಕೊಳ್ಳಬೇಕಿತ್ತು. ವಾರಕ್ಕೊಮ್ಮೆ ಆ ಪುಟಗಳನ್ನು ನನಗೆ ತಂದು ಕೊಡುತ್ತಿದ್ದಳು. ನಾನು ಟೈಪ್ ಮಾಡುತ್ತಿದ್ದೆ.

ಹೆಂಗಸರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಕೆಲವರಿಗೆ ಹಗಲು ಬೇರೆ ಮನೆಗಳಲ್ಲಿ ಕೆಲಸವಿತ್ತು. ಎಲ್ಲರಿಗಿಂತ ಹೆಚ್ಚು ತಕರಾರು ತೆಗೆದವಳು ಸ್ವಂತ ನಾದಿನಿ.

"ಅವರೆಲ್ಲ ಕೂತಿರ್ತಾರೆ, ನಾವು ಅವರ ಕಾಲ ಕೆಳಗೆ ಗುಡಿಸ್ಬೇಕಾ ಅತ್ತಿಗೆ? ರಾತ್ರಿ ಆದ್ರೆ ನಮ್ಮನ್ನ ಯಾರೂ ನೋಡಲ್ಲ."

"ನೋಡ್ಲಿ ಬಿಡು. ಇಷ್ಟು ವರ್ಷ ದೆವ್ವ ಬಂದು ಗುಡಿಸಿ ಹೋಗುತ್ತೆ ಅಂದ್ಕೊಂಡಿದ್ರು."

"ಜೊತೆಗೆ, ಇದ್ರಲ್ಲಿ ನಮಗೇನೋ ಕುತ್ತಿದೆ ಅನ್ಸುತ್ತೆ. ಅವರಿಗೆ ಲಾಭ ಇಲ್ಲದೆ ನಮ್ಮ ನಿದ್ದೆ ಬಗ್ಗೆ ಯಾಕೆ ಯೋಚ್ನೆ ಮಾಡ್ತಾರೆ?"

ಈ ಮಾತು ಸ್ವಿಚ್ಚಕ್ಕನ ಮನಸ್ಸಿಗೆ ನಾಟಿತು. ಮರುದಿನವೇ ಎಂಜಿನಿಯರನ್ನು ಕರೆದು ತಂಡದ ಎದುರಿಗೇ ನಿಲ್ಲಿಸಿದಳು. "ಇದ್ರಿಂದ ಒಬ್ಬಳ ಕೆಲಸಾನೂ ಹೋಗಬಾರದು. ಎಲ್ಲರ ಮುಂದೆ ಹೇಳು" ಎಂದಳು.

"ಒಬ್ಬಳದೂ ಹೋಗಲ್ಲ. ನಾನಿದ್ದೀನಲ್ಲ" ಎಂದ ಅವನು, ಎದೆಯ ಮೇಲೆ ಕೈಯಿಟ್ಟು.

ಸ್ವಿಚ್ಚಕ್ಕ ಹೆಂಗಸರ ಕಡೆ ತಿರುಗಿ, "ಅವನ ಮಾತಿಗೆ ನಾನು ಹೊಣೆ" ಎಂದಳು. ಇಪ್ಪತ್ತೆರಡು ಜನರೂ ಒಪ್ಪಿದ್ದು ಆ ಮಾತಿಗೆ, ಅವನ ಮಾತಿಗಲ್ಲ.

ಪೊರಕೆಗಳು ಹಗಲಿಗೆ ಬಂದವು. ಮೊದಲ ತಿಂಗಳು ಗೋಳು. ಆರನೇ ಮಹಡಿಯ ಮುಖ್ಯಸ್ಥ ನೆಲ ಉಜ್ಜುವ ಯಂತ್ರದ ಸದ್ದಿಗೆ ತಲೆ ಹಿಡಿದುಕೊಂಡ; ಸ್ವಿಚ್ಚಕ್ಕ ಯಂತ್ರ ಬಿಟ್ಟು ಅಗಲವಾದ ಬಟ್ಟೆಯ ಒರಸು ತಂದಳು. ಒದ್ದೆ ನೆಲದ ಮೇಲೆ ಒಬ್ಬ ಜಾರಿದ. ಒಣಗುವವರೆಗೆ ಪಕ್ಕದಲ್ಲೇ ಒಬ್ಬಳು ನಿಲ್ಲಬೇಕೆಂದು ನಿಯಮ ಮಾಡಿದಳು. ಹತ್ತು ಗಂಟೆಗೆ ಖಾಲಿ ಇರುವ ಸಭಾಕೋಣೆಗಳು, ಊಟದ ಹೊತ್ತಿಗೆ ಮೇಜುಗಳು, ಮೂರರ ನಂತರ ಮೆಟ್ಟಿಲು ಎಂದು ನದಿಯಂತೆ ಹರಿಯುವ ಒಂದು ಸುತ್ತು ಹಾಕಿಕೊಟ್ಟಳು. ನಿಧಾನಕ್ಕೆ ಜನ ಹೊಂದಿಕೊಂಡರು. ಬಂದಾಗ ಕಾಲೆತ್ತುತ್ತಿದ್ದವರು ತಲೆಯೂ ಎತ್ತತೊಡಗಿದರು. "ಇವತ್ತು ತಡ ಆಯ್ತಲ್ಲಮ್ಮ" ಎಂದು ಮಾತಾಡಿಸತೊಡಗಿದರು. ತಮ್ಮ ಮೇಜಿನ ಕಸವನ್ನು ತಾವೇ ಡಬ್ಬಿಗೆ ಹಾಕುವವರೂ ಹುಟ್ಟಿಕೊಂಡರು, ಒರೆಸುವವಳ ಮುಖ ನೋಡಿದ ಮೇಲೆ ನಾಚಿಕೆಯಾಗಿ. ಹಗಲು ಮುಖ ಕಂಡವಳಿಗಾಗಿ ಎಂಜಲು ಲೋಟ ಬಿಟ್ಟುಹೋಗುವುದು ಅಷ್ಟು ಸುಲಭವಲ್ಲ.

ಮನೆಯಲ್ಲೂ ಹೊಸ ಗಾಳಿ. ಒಂದು ಸಂಜೆ ಗಂಡ ಅವಳನ್ನೇ ನೋಡುತ್ತ ಕುಳಿತಿದ್ದನಂತೆ. "ಏನು ಹಾಗೆ ನೋಡ್ತೀರಿ?" ಎಂದು ಕೇಳಿದರೆ, "ನಿನ್ನ ಕೆನ್ನೆ ಮೇಲೆ ಮಚ್ಚೆ ಇರೋದು ಮರ್ತೇಹೋಗಿತ್ತು" ಎಂದನಂತೆ. ಇದನ್ನು ನನಗೆ ಹೇಳುವಾಗ ಅವಳು ನಲವತ್ತೇಳನೇ ವಯಸ್ಸಿನಲ್ಲಿ ಕೆಂಪಾದಳು. ನಾದಿನಿ ಕೂಡ ಗೊಣಗುವುದನ್ನು ಬಿಟ್ಟು, ಏಳನೇ ಮಹಡಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸವನ್ನೂ ತಾನೇ ಕೇಳಿ ತೆಗೆದುಕೊಂಡಿದ್ದಳು.

ಹಗಲಿನ ಪದ್ಧತಿಯ ಆರು ತಿಂಗಳ ಅಳತೆಯೂ ಮುಗಿದಾಗ, ರಾತ್ರಿ ದೀಪ ಉರಿಯುವ ಹೊತ್ತು ಆರು ಗಂಟೆಯಿಂದ ಅರ್ಧ ಗಂಟೆಗೆ ಇಳಿದಿತ್ತು. ಎಂಜಿನಿಯರ್ ನನ್ನ ಮೇಜಿನ ಮುಂದೆ ಕುಣಿಯುವುದೊಂದು ಬಾಕಿ.

ಇನ್ನು ನಾನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಅರ್ಜಿ ಟೈಪ್ ಮಾಡಿದವನು ನಾನು. ನಾವೀನ್ಯದ ಹಾಳೆಯಲ್ಲಿ ಉದ್ದೇಶ, ವಿಧಾನ, ಪುರಾವೆ ಎಂಬ ಮೂರು ಭಾಗಗಳ ಕೆಳಗೆ 'ಮೂಲ ಕಲ್ಪನೆ ಯಾರದು' ಎಂದು ಒಂದು ಸಾಲಿತ್ತು. ನಾನು 'ಸ್ವಚ್ಛತಾ ಮೇಲ್ವಿಚಾರಕಿ' ಎಂದು ಬರೆದೆ. ಎಂಜಿನಿಯರ್ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು 'ನಿರ್ವಹಣಾ ಎಂಜಿನಿಯರ್' ಎಂದು ತಿದ್ದಿ ಕಳಿಸಿದ. ನಾನು ತಿದ್ದಿದಂತೆಯೇ ಟೈಪ್ ಮಾಡಿದೆ. ಅದೇ ವಾರ ಮಾಲೀಕರಿಗೆ ಅವನು ಬರೆದ ಇನ್ನೊಂದು ಟಿಪ್ಪಣಿ ನನ್ನ ಕೈಗೆ ಬಂತು. ಸ್ವಿಚ್ಚಕ್ಕನ ನೋಟುಪುಸ್ತಕದ ನಿಮಿಷಗಳನ್ನೆಲ್ಲ ಕೂಡಿಸಿ, ಭಾಗಿಸಿ, ಕೊನೆಯಲ್ಲಿ ಹೀಗೆ ಬರೆದಿದ್ದ: 'ಹಗಲಿನ ಪದ್ಧತಿಯಲ್ಲಿ ಈ ಕೆಲಸಕ್ಕೆ ಹದಿಮೂರು ಜನ ಸಾಕು. ಒಂಬತ್ತು ಜನ ಹೆಚ್ಚುವರಿ.' ಅದನ್ನೂ ನಾನೇ ಟೈಪ್ ಮಾಡಿದೆ. ಆ ಸಂಜೆ ಸ್ವಿಚ್ಚಕ್ಕ ನನ್ನ ಬಾಗಿಲಲ್ಲಿ ಇಣುಕಿ, "ಅರ್ಜಿ ಹೋಯ್ತಾ ಟೈಪಣ್ಣಾ?" ಎಂದು ಕೇಳಿದಳು. "ಹೋಯ್ತು" ಎಂದೆ. ನಾಲಿಗೆ ಅಷ್ಟಕ್ಕೇ ನಿಂತಿತು.

ಹತ್ತು ದಿನಗಳ ನಂತರ, ಒಂದು ಸೋಮವಾರ ಬೆಳಿಗ್ಗೆ, ಹೆಂಗಸರನ್ನು ಪೂರೈಸುವ ಗುತ್ತಿಗೆದಾರ ನೆಲಮಾಳಿಗೆಗೆ ಬಂದು ಚೀಟಿ ಹಿಡಿದು ಒಂಬತ್ತು ಹೆಸರು ಓದಿದ. ಎರಡನೆಯದು ನಾದಿನಿಯದು. ಪೊರಕೆ ಬಕೆಟ್ ಅಲ್ಲೇ ಬಿಟ್ಟು, ಗುರುತಿನ ಚೀಟಿ ಕಳಚಿಕೊಟ್ಟು ಹೋಗಬೇಕಿತ್ತು. ಯಾರೂ ಗುತ್ತಿಗೆದಾರನ ಕಡೆ ನೋಡಲಿಲ್ಲ. ಒಂಬತ್ತೂ ಜನ ಸ್ವಿಚ್ಚಕ್ಕನನ್ನೇ ನೋಡಿದರು.

ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಎಂಜಿನಿಯರನ ಕೋಣೆಗೆ ಓಡಿದಳು.

"ತಮ್ಮಾ, ಕೆಳಗೆ ಏನಾಗ್ತಿದೆ ಗೊತ್ತಾ ನಿಂಗೆ?"

ಅವನು ಗಣಕದಿಂದ ಕಣ್ಣು ತೆಗೆಯಲಿಲ್ಲ. "ಅದು ಗುತ್ತಿಗೆದಾರರ ನಿರ್ಧಾರ ಅಕ್ಕ. ನನ್ನ ಕೈಲಿ ಇಲ್ಲ."

"ನೀನು ಎಲ್ಲರ ಮುಂದೆ ಹೇಳಿದ್ದೆ."

"ಆಗಿನ ಪರಿಸ್ಥಿತಿ ಬೇರೆ ಇತ್ತು. ನೋಡು, ನಿನ್ನ ಕೆಲಸಕ್ಕೆ ಏನೂ ಆಗದ ಹಾಗೆ ನೋಡ್ಕೊಂಡಿದ್ದೀನಿ. ಅದಕ್ಕಾದ್ರೂ..."

ಮಾತು ಮುಗಿಯುವ ಮೊದಲೇ ಅವಳು ಹೊರಗೆ ಬಂದಿದ್ದಳು. ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತಳು. ನನ್ನ ಮುಖ ನೋಡಿದಳು. ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

"ನಿಂಗೆ ಗೊತ್ತಿತ್ತು" ಎಂದಳು.

ನಾನು ಕಪಾಟಿನಿಂದ ಟಿಪ್ಪಣಿಯ ಪ್ರತಿ ತೆಗೆದು ಕೊಟ್ಟೆ. ಅವಳು ನಿಂತಲ್ಲೇ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಸಭೆಯ ಕೋಣೆಗೆ ಹನ್ನೆರಡು ನಿಮಿಷ. ಶೌಚಾಲಯಕ್ಕೆ ಹದಿನೆಂಟು. ಅವಳ ಬೆರಳು ಅಲ್ಲೇ ನಿಂತುಬಿಟ್ಟಿತು.

"ಇದು ನಾನು ಬರೆದದ್ದು" ಎಂದಳು. "ಆಗುತ್ತೆ ಅಂತ ತೋರಿಸೋಕೆ ಬರೆದೆ. ಯಾರು ಬೇಡ ಅಂತ ತೋರಿಸೋಕೆ ಅಲ್ಲ."

"ಅಕ್ಕ, ನನ್ನ ಕೆಲಸ ಟೈಪ್ ಮಾಡೋದು..."

"ಹೌದಪ್ಪ. ಎಲ್ಲರೂ ಅವರವರ ಕೆಲಸ ಮಾಡಿದ್ದೀರಿ." ಹಾಳೆಯನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಆದದ್ದನ್ನು ಅವಳ ಗಂಡ ಬಹಳ ದಿನದ ಮೇಲೆ ನನಗೆ ಹೇಳಿದ. ನಾದಿನಿ ಗಲಾಟೆ ಮಾಡಲಿಲ್ಲವಂತೆ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದವಳು ಮೆಲ್ಲಗೆ ಕೇಳಿದಳಂತೆ, "ನನ್ನ ನಿಮಿಷ ಎಷ್ಟು ಬರ್ದಿದ್ದೆ ಅತ್ತಿಗೆ?"

ನಾದಿನಿಗೆ ಮಂಡಿನೋವು. ಮೆಟ್ಟಿಲು ಒರೆಸಲು ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕಿತ್ತು. ಇದ್ದದ್ದನ್ನು ಇದ್ದಂತೆ ಬರೆಯುವವಳು ಅದನ್ನೂ ಬರೆದಿದ್ದಳು.

"ಕೊಡಲಿ ಕಾವು ಕುಲಕ್ಕೆ ಸಾವು ಅಂತಾರಲ್ಲ, ಅದು ನೀನೇ" ಎಂದಳಂತೆ ನಾದಿನಿ. "ಅವನು ಕೊಡಲಿ, ಸರಿ. ಅವನನ್ನ ನಾನು ನಂಬೇ ಇರ್ಲಿಲ್ಲ. ನಿನ್ನನ್ನ ನಂಬಿದ್ದೆ."

ಗಂಡ ನಡುವೆ ಬಂದು, "ಅವಳು ಒಳ್ಳೇದಕ್ಕೇ ಮಾಡಿದ್ದು" ಎಂದ. "ನಾನೂ ಒಳ್ಳೇದಕ್ಕೇ ಹೋಗ್ತೀನಿ ಅಣ್ಣ" ಎಂದಳು ಅವಳು. ವಾರದೊಳಗೆ, ತೆಗೆದುಹಾಕಿದವರಲ್ಲೇ ಒಬ್ಬಳ ಜೊತೆ ಒಂದು ಕೋಣೆ ಹಿಡಿದು ಹೊರಟುಹೋದಳು. ಹೋಗುವಾಗ ಅತ್ತಿಗೆ ಕೊಟ್ಟಿದ್ದ ಎರಡು ಸೀರೆಗಳನ್ನು ಮಡಿಸಿ ಹಾಸಿಗೆಯ ಮೇಲೆ ಇಟ್ಟು ಹೋಗಿದ್ದಳು.

ಸ್ವಿಚ್ಚಕ್ಕ ಕೆಲಸ ಬಿಡಲಿಲ್ಲ. ನಾನು ಒಮ್ಮೆ ಧೈರ್ಯ ಮಾಡಿ ಯಾಕೆಂದು ಕೇಳಿದೆ. "ಉಳಿದ ಹದಿಮೂರು ಜನಕ್ಕೂ ನಾನೇ ಹೊಣೆ ಅಂದಿದ್ದೆ" ಎಂದಳು. ಅವಳು ನನ್ನೊಡನೆ ಮಾತು ಬಿಟ್ಟಿರಲಿಲ್ಲ. ಟೈಪಣ್ಣ ಎನ್ನುವುದನ್ನು ಮಾತ್ರ ಬಿಟ್ಟಿದ್ದಳು. 'ಗುಮಾಸ್ತರೇ' ಎನ್ನುತ್ತಿದ್ದಳು.

ಟಿಪ್ಪಣಿಯ ಗಣಿತ ಕಾಗದದ ಮೇಲೆ ಸರಿಯಿತ್ತು. ಆದರೆ ಅದರಲ್ಲಿ ನೀರು ಕುಡಿಯುವ ನಿಮಿಷ ಇರಲಿಲ್ಲ, ಜ್ವರ ಬಂದ ದಿನ ಇರಲಿಲ್ಲ, ಒದ್ದೆ ನೆಲದ ಪಕ್ಕ ನಿಲ್ಲುವವಳೂ ಇರಲಿಲ್ಲ. ಹದಿಮೂರು ಜನ ಎಷ್ಟು ಓಡಿದರೂ ಮೇಲಿನ ಮೂರು ಮಹಡಿ ಹಾಗೇ ಉಳಿಯುತ್ತಿತ್ತು. ದೂರುಗಳು ಬಂದವು. ಗುತ್ತಿಗೆದಾರ ಒಂದು ಉಪಾಯ ಕಂಡುಕೊಂಡ. ತನ್ನ ಬೇರೊಂದು ಕಟ್ಟಡದಿಂದ ಆರು ಗಂಡಸರನ್ನು ವಾರಕ್ಕೆ ನಾಲ್ಕು ರಾತ್ರಿ ತಂದು ಬಿಡತೊಡಗಿದ. ಅವರು ಬಂದೊಡನೆ ಕೆಳಗಿನಿಂದ ಮೇಲಿನವರೆಗೆ ಎಲ್ಲ ದೀಪ ಹಾಕಿಕೊಂಡು ಕೆಲಸ ಮುಗಿಸಿ ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ ಮೀಟರ್ ಓದುವಾಗ ಸ್ವಿಚ್ಚಕ್ಕನಿಗೆ ಗೊತ್ತಾಗುತ್ತಿತ್ತು. ಯಾರಿಗೂ ಹೇಳದೆ, ಕಂಡದ್ದನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಳು. ನನ್ನ ಬಳಿಯೂ ಮೀಟರಿನ ಹಾಳೆಗಳು ಬರುತ್ತಿದ್ದವು. ಎಂಜಿನಿಯರ್ ಹೇಳಿದ, "ಆ ಆರು ತಿಂಗಳವರೆಗಿನದು ಮಾತ್ರ ಕಡತದಲ್ಲಿ ಇರ್ಲಿ. ಆಮೇಲಿನದು ಬೇಡ." ನಾನು ಆಮೇಲಿನದನ್ನು ಕೆಳಗಿನ ಖಾನೆಗೆ ಹಾಕಿದೆ.

ಎರಡು ತಿಂಗಳ ನಂತರ ಪರಿಶೀಲಕಿ ಬಂದರು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಬೆಳಿಗ್ಗೆಯೆಲ್ಲ ನಲ್ಲಿ, ತೊಟ್ಟಿ, ಕಸದ ಕೋಣೆ ನೋಡಿ, ಮಧ್ಯಾಹ್ನ ಒಂಬತ್ತನೇ ಮಹಡಿಯ ಸಭಾಕೋಣೆಯಲ್ಲಿ ಕುಳಿತರು. ಮಾಲೀಕರ ಕಡೆಯ ಒಬ್ಬರು, ಎಂಜಿನಿಯರ್, ಟಿಪ್ಪಣಿ ಬರೆದುಕೊಳ್ಳಲು ನಾನು. ಬಾಗಿಲ ಬಳಿ ಸ್ವಿಚ್ಚಕ್ಕ. ಅವಳಿಗೆ ಅವತ್ತಿಗೆಂದೇ ಹಸಿರು ಬಣ್ಣದ ಹೊಸ ಮೇಲಂಗಿ ತೊಡಿಸಿದ್ದರು.

"ಈ ಹಗಲಿನ ಸ್ವಚ್ಛತೆ ನನಗೆ ತುಂಬ ಇಷ್ಟವಾಯ್ತು" ಎಂದರು ಪರಿಶೀಲಕಿ. "ಇದರಲ್ಲಿ ಕೆಲಸ ಮಾಡೋರನ್ನೇ ಕೇಳ್ಬೇಕು. ಏನಮ್ಮ, ಈಗಲೂ ಇದೇ ಪದ್ಧತಿ ನಡೀತಿದೆಯಾ? ರಾತ್ರಿ ದೀಪ ಉರಿಯಲ್ಲ ತಾನೇ?"

"ಹೇಳಿ ಅಕ್ಕ, ಸಂಕೋಚ ಬೇಡ" ಎಂದ ಎಂಜಿನಿಯರ್ ನಗುತ್ತ. ಯಾವತ್ತೂ ಏಕವಚನದಲ್ಲಿ ಮಾತಾಡುತ್ತಿದ್ದವನು ಅವತ್ತು ಬಹುವಚನ ಬಳಸಿದ.

"ಉರಿಯುತ್ತೆ" ಎಂದಳು ಸ್ವಿಚ್ಚಕ್ಕ.

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. "ಆರು ತಿಂಗಳು ಉರೀಲಿಲ್ಲ, ಅದು ಸತ್ಯ. ಆಮೇಲೆ ಒಂಬತ್ತು ಜನರನ್ನ ತೆಗೆದ್ರು. ಈಗ ವಾರಕ್ಕೆ ನಾಲ್ಕು ರಾತ್ರಿ ಬೇರೆಯವರು ಬಂದು ಎಲ್ಲ ದೀಪ ಹಾಕಿ ಗುಡಿಸ್ತಾರೆ. ಎಲ್ಲ ತಾರೀಖು ಬರ್ದಿದ್ದೀನಿ." ಮೇಲಂಗಿಯ ಒಳಗಿನಿಂದ ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಅವರಿಗೆ ಸರಿಯಾದ ಮಾಹಿತಿ ಇಲ್ಲ ಮೇಡಂ..." ಎಂಜಿನಿಯರ್ ಎದ್ದೇಬಿಟ್ಟ.

ಪರಿಶೀಲಕಿ ಕೈಯೆತ್ತಿ ಅವನನ್ನು ತಡೆದರು. "ಈ ಯೋಚನೆ ಮೊದಲು ಯಾರದು?"

"ನನ್ನದು" ಎಂದಳು ಸ್ವಿಚ್ಚಕ್ಕ. "ಒಂಬತ್ತು ಜನರ ಅನ್ನ ಕಿತ್ಕೊಳ್ಳೋ ಯೋಚನೆ ನನ್ನದಲ್ಲ. ಆದ್ರೆ ಆ ಹೆಂಗಸರು ಹಾಗೆ ಅಂದ್ಕೊಂಡಿದ್ದಾರೆ."

ಪರಿಶೀಲಕಿ ನನ್ನ ಕಡೆ ತಿರುಗಿದರು. "ಮೀಟರಿನ ಪೂರ್ತಿ ಹಾಳೆಗಳು ಎಲ್ಲಿವೆ? ನಿನ್ನೆವರೆಗಿನದು."

ನಾನು ಕೆಳಗೆ ಹೋಗಿ ಖಾನೆಯಿಂದ ಹಾಳೆಗಳನ್ನು ತಂದುಕೊಟ್ಟೆ. ಅದನ್ನು ಧೈರ್ಯವೆಂದು ನಾನು ಹೇಳಿಕೊಳ್ಳುವುದಿಲ್ಲ. ಕೇಳಿದ್ದನ್ನು ಕೊಡುವುದಿಲ್ಲ ಎನ್ನುವಷ್ಟು ಗಟ್ಟಿತನ ನನ್ನಲ್ಲಿರಲಿಲ್ಲ, ಅಷ್ಟೆ. ಆದರೂ ಲಿಫ್ಟಿನಲ್ಲಿ ಮೇಲೆ ಹೋಗುವಾಗ, ಒಂಬತ್ತು ಜನರ ಹೆಸರು ಓದುವ ಮೊದಲೇ ಈ ಕಾಲುಗಳು ಓಡಬಹುದಿತ್ತಲ್ಲ ಎನ್ನಿಸಿತು.

ಆರು ವಾರಗಳ ಮೇಲೆ ಫಲಿತಾಂಶ ಬಂತು. ಹಗಲಿನ ಸ್ವಚ್ಛತೆಗೆಂದು ಇದ್ದ ಒಂದೇ ಒಂದು ಅಂಕ ಸಿಗಲಿಲ್ಲ. 'ಪದ್ಧತಿ ಮುಂದುವರಿದಿಲ್ಲ' ಎಂದು ಷರಾ ಬರೆದಿದ್ದರು. ಕಟ್ಟಡಕ್ಕೆ ಪ್ರಮಾಣಪತ್ರ ಮಾತ್ರ ಸಿಕ್ಕಿತು, ಬಯಸಿದ ದರ್ಜೆಯಲ್ಲೇ. ಬೇಕಾದದ್ದಕ್ಕಿಂತ ಮೂರು ಅಂಕ ಹೆಚ್ಚೇ ಇತ್ತು. ಆ ಒಂದು ಅಂಕ ಯಾರಿಗೂ ಬೇಕಿರಲಿಲ್ಲ.

ಆ ಕಾಗದವನ್ನು ಸ್ವಿಚ್ಚಕ್ಕನಿಗೆ ಓದಿ ಹೇಳಿದವನೂ ನಾನೇ.

"ಅಂದ್ರೆ, ಇದು ಇಲ್ಲದೇ ಇದ್ರೂ ನಡೀತಿತ್ತು" ಎಂದಳು.

"ನಡೀತಿತ್ತು."

"ನಾನು ಬಾಯಿ ಮುಚ್ಕೊಂಡು ಚಹಾ ಕುಡಿದಿದ್ರೆ, ನನ್ನ ನಾದಿನಿ ಇವತ್ತು ಮನೇಲಿ ಇರ್ತಿದ್ಲು."

ನಾನು ಕಾಗದವನ್ನು ಮಡಿಸಿ ಲಕೋಟೆಗೆ ಸೇರಿಸಿದೆ.

ಮುಂದಿನ ಸಂಗತಿಗಳು ಬೇಗ ಬೇಗ ನಡೆದವು. ಎಂಜಿನಿಯರನಿಗೆ ಮಾಲೀಕರ ಇನ್ನೂ ದೊಡ್ಡ ಕಟ್ಟಡವೊಂದರ ಹೊಣೆ ಸಿಕ್ಕಿತು. ಹೊರಡುವ ದಿನ ಅವನು ನೆಲಮಾಳಿಗೆಗೆ ಇಳಿದು ಬಂದು ಅವಳ ಮುಂದೆ ನಿಂತ. "ಅಕ್ಕ, ತಪ್ಪು ತಿಳ್ಕೋಬೇಡ" ಎಂದ. ಅವಳು ಒರಸು ಹಿಂಡುತ್ತಿದ್ದಳು. "ದಾರಿ ಬಿಡಿ ಸಾರ್, ನೆಲ ಒದ್ದೆ ಇದೆ" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಅವನನ್ನು ಸಾರ್ ಎಂದದ್ದು ಅದೊಂದೇ ಸಲ.

ವಿಮಾ ಕಂಪನಿಯವರ ದೂರು ತಾಳಲಾರದೆ ಒಂಬತ್ತರಲ್ಲಿ ನಾಲ್ವರನ್ನು ಮತ್ತೆ ಕರೆಸಿಕೊಂಡರು. ನಾದಿನಿಗೂ ಕರೆ ಹೋಗಿತ್ತು. ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿಗೆ ನಿಂತಿದ್ದವಳು ಬರುವುದಿಲ್ಲ ಎಂದಳು. ಸ್ವಿಚ್ಚಕ್ಕನನ್ನು ಗುತ್ತಿಗೆದಾರ ಊರಿನ ಇನ್ನೊಂದು ತುದಿಯ ಗೋದಾಮಿಗೆ ವರ್ಗ ಮಾಡಿದ. ಎರಡು ಬಸ್ಸು ಬದಲಿಸಿ ಹೋಗಬೇಕಾದ ದೂರ. ಅದು ಹೋಗು ಎನ್ನುವ ಮರ್ಯಾದೆಯ ಮಾತು. ಅವಳು ಕೆಲಸ ಬಿಟ್ಟಳು.

ಎರಡು ವರ್ಷದ ಮೇಲೆ ಸಾರ್ವಜನಿಕ ಗ್ರಂಥಾಲಯದ ಎದುರಿನ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ಆ ಗ್ರಂಥಾಲಯದಲ್ಲೇ ಕೆಲಸಕ್ಕಿದ್ದಾಳಂತೆ. ಕೂದಲು ಅರ್ಧ ಬೆಳ್ಳಗಾಗಿತ್ತು. ಗಂಡ ಚೆನ್ನಾಗಿದ್ದಾನೆ, ನಾದಿನಿ ಅಣ್ಣನಿಗೆ ಮೈ ಸರಿಯಿಲ್ಲದಾಗ ಬಂದು ನೋಡಿಕೊಂಡು ಹೋದಳು, ತನ್ನ ಕಡೆ ತಿರುಗಿಯೂ ನೋಡಲಿಲ್ಲ ಎಂದಳು. ನಾನು ಬಹಳ ದಿನದಿಂದ ಕಟ್ಟಿಟ್ಟುಕೊಂಡಿದ್ದ ಕ್ಷಮೆಯ ಮಾತನ್ನು ತಡವರಿಸುತ್ತ ಹೇಳಿದೆ.

"ಅವತ್ತು ಹಾಳೆ ತಂದ್ಕೊಟ್ರಿ, ಇಲ್ಲ ಅನ್ನಲ್ಲ" ಎಂದಳು ಅವಳು. "ಮೊದ್ಲೇ ಒಂದು ಮಾತು ಹೇಳ್ಬೋದಿತ್ತು. ಹೇಳಿದ್ರೆ ನಾನೇ ಆ ಒಂಬತ್ತು ಜನಕ್ಕೆ ಹೇಳ್ತಿದ್ದೆ. ಕೆಲಸ ಹೋದ್ರೂ ಮುಖ ಉಳೀತಿತ್ತು."

ಆಮೇಲೆ ತಾನೇ ಮಾತು ತೆಗೆದಳು. "ಇಲ್ಲೂ ಶುರುವಾಗಿದೆ ಈಗ, ಅದೇ ಹಸಿರು ಪುಸ್ತಕ. ಮೊನ್ನೆ ಒಬ್ಬ ಬಂದು ಎಲ್ಲ ಕೆಲಸದವರನ್ನೂ ಕೂರಿಸಿ ಕೇಳ್ದ, ನಿಮಗೆ ಏನಾದ್ರೂ ಹೊಸ ಯೋಚನೆ ಇದ್ರೆ ಹೇಳಿ ಅಂತ. ಒಳ್ಳೇ ಹುಡುಗನ ಹಾಗೇ ಕಾಣ್ತಾನೆ."

"ನೀವು ಏನಂದ್ರಿ?"

"ನಾನು ಗುಡಿಸೋಳು, ನನಗೇನು ಗೊತ್ತಾಗುತ್ತೆ ಅಂದೆ."

"ನಿಜವಾಗ್ಲೂ ಏನೂ ಹೊಳೀಲಿಲ್ವಾ?"

ಅವಳು ಗ್ರಂಥಾಲಯದ ಕಡೆ ಒಮ್ಮೆ ನೋಡಿದಳು. ಮೂರು ಸಾಲು ಉದ್ದನೆಯ ಕಿಟಕಿಗಳು, ಅವುಗಳ ಮೇಲೆ ಇಳಿಬಿಸಿಲು.

"ಮೂರು ಹೊಳೆದಿದೆ" ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಚೀಲ ಹೆಗಲಿಗೇರಿಸಿ, ಕಂಬಿ ಹಿಡಿದು ಹತ್ತಿಕೊಂಡು ಹೋದಳು.